ಮೇಲ್ದುಟಿಯ ಗೆರೆ

ಪರೇಲ್, ಮುಂಬಯಿ
೬ ಆಗಸ್ಟ್ ೨೦೨೫

ಮಾತೋಶ್ರೀ ಅವ್ವನ ಪಾದಗಳಿಗೆ ಮಗಳು ವಂದನಾ ಮಾಡುವ ನಮಸ್ಕಾರಗಳು.

ಇಲ್ಲಿ ಅಪ್ಪ, ಅಜ್ಜಿ, ನಾನು ಮೂವರೂ ಚೆನ್ನಾಗಿದ್ದೇವೆ. ನಿನ್ನ ತವರು ಸಿಂದಗಿಯಲ್ಲಿ ನೀನೂ ಬಸವಂತರಾಯ ಮಾವನೂ ಬಾಣಂತಿಯಾದ ಅವನ ಮಗಳು ಸೌಮ್ಯಾಳೂ ಅವಳ ಹೊಸ ಕೂಸೂ ಸೌಖ್ಯವೆಂದು ನಂಬಿದ್ದೇನೆ. ಬಾಣಂತನಕ್ಕೆಂದು ನೀನು ಗಾಡಿ ಹತ್ತಿದ ಮರುದಿನವೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ, ತಡವಾಯಿತು, ಸಿಟ್ಟಾಗಬೇಡ. ತಡಕ್ಕೊಂದು ಕಾರಣವಿದೆ, ಈ ಪತ್ರ ಬರೆಯುತ್ತಿರುವುದೂ ಆ ಕಾರಣಕ್ಕೇ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ನಮ್ಮ ಚಾಳಿನ ಖೋಲಿಯಲ್ಲಿ ಆಡಿದ ಮಾತು ಗ್ಯಾಲರಿಯ ಕೊನೆಯ ನಲ್ಲಿಯವರೆಗೂ ಹೋಗುತ್ತದೆ. ನೀನೋ ಅಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ, ಕಟ್ಟೆಯ ಮೇಲಿಟ್ಟು, ಬಾಣಂತಿಯ ಅಳವಿ ಉಂಡೆಗೆ ಬೆಲ್ಲ ಕುಟ್ಟುತ್ತ ಮಾತಾಡುತ್ತೀ. ಇದು ಬೆಲ್ಲ ಕುಟ್ಟುತ್ತ ಕೇಳುವ ಸಂಗತಿಯಲ್ಲ.

ಎಲ್.ಎಲ್.ಎಂ. ಪರೀಕ್ಷೆಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲು ಬಂದವರ ಭಾವಚಿತ್ರವನ್ನು ನಮ್ಮ ಕಾಲೇಜಿನ ಸಭಾಗೃಹದ ಗೋಡೆಗೆ ಏರಿಸುವ ಪದ್ಧತಿಯಿದೆ. ಈ ವರ್ಷ ಆ ಚೌಕಟ್ಟಿನೊಳಗೆ ನಿನ್ನ ಮಗಳು. ಚಿತ್ರ ತೆಗೆಸಲು ದಾದರಿನ ಸ್ಟುಡಿಯೋ ಒಂದಕ್ಕೆ ಹೋದೆ. ಮರುದಿನ ಫೋಟೋಗ್ರಾಫರ್ ದೇವಾನಂದ ಎರಡು ಪ್ರತಿಗಳನ್ನು ಕೈಗಿತ್ತ. ಒಂದರಲ್ಲಿ ನಾನಿದ್ದೆ. ಇನ್ನೊಂದರಲ್ಲಿ, ಮೇಲ್ದುಟಿಯಿಂದ ಮೂಗಿನ ಹೊಳ್ಳೆಯವರೆಗೆ ಏರುವ ಆ ಗೆರೆಯಿಲ್ಲದ, ನನ್ನನ್ನೇ ಹೋಲುವ ಮತ್ತೊಬ್ಬಳಿದ್ದಳು.

"ಮೇಡಂ, ವೋ ದಾಗ್ ನಿಕಾಲ್ ದಿಯಾ. ಉಸ್ಕಾ ಕುಛ್ ಚಾರ್ಜ್ ನಹೀಂ," ಎಂದು ಅವನು, ಕಲೆಯನ್ನು ಪುಕ್ಕಟೆ ಅಳಿಸಿ ದೊಡ್ಡ ಉಪಕಾರ ಮಾಡಿದವನಂತೆ, ನಕ್ಕ.

ಅವ್ವಾ, ನಾನು ದಂಗಾಗಿ ನಿಂತೆ. ಕೇಳದೆ ನನ್ನ ಮುಖವನ್ನು ತಿದ್ದಿದ ಅವನ ಧೈರ್ಯಕ್ಕಲ್ಲ. ಆ ಎರಡನೆಯವಳನ್ನು ಕಂಡು ನನಗೆ ಆಸೆಯಾದುದಕ್ಕೆ. ಮುಖವನ್ನು ಕುರಿತು ಯೋಚಿಸುವ ಹುಡುಗಿಯರನ್ನು ಕಂಡು ಮೂಗು ಮುರಿಯುತ್ತಿದ್ದವಳು ನಾನು. ಆ ಪ್ರತಿಯನ್ನು ಲೋಕಲ್ಲಿನಲ್ಲಿ ಕುಳಿತು ನೋಡಿದೆ, ಮನೆಗೆ ಬಂದು ನೋಡಿದೆ, ಅಜ್ಜಿ ಮಲಗಿದ ಮೇಲೆ ಮತ್ತೆ ತೆಗೆದು ನೋಡಿದೆ. ಕೊನೆಗೆ ನಿರ್ಧರಿಸಿದೆ: ಗೆರೆಯನ್ನು ಶಸ್ತ್ರಕ್ರಿಯೆಯಿಂದ ತಿದ್ದಿಸಿಕೊಳ್ಳುತ್ತೇನೆ.

ವರನಿಗಾಗಿ ಎಂದು ತಿಳಿಯಬೇಡ. ವಾದ ಮಂಡಿಸಲು ಎದ್ದು ನಿಂತಾಗ ಎದುರಿಗಿದ್ದವರ ಕಣ್ಣು ಮೊದಲು ನನ್ನ ತುಟಿಗೆ ಹೋಗಿ, ಆಮೇಲೆ ಮಾತಿಗೆ ಬರುತ್ತದೆ. ಆ ಒಂದು ಗಳಿಗೆಯನ್ನು ನಾನು ಪ್ರತಿಸಲವೂ ಎದುರುಪಕ್ಷಕ್ಕೆ ದಾನ ಕೊಡುತ್ತ ಬಂದಿದ್ದೇನೆ. ಇನ್ನು ಕೊಡಲಾರೆ.

ಪಕ್ಕದ ಖೋಲಿಯ ಇಂದ್ರಾಬಾಯಿಗೆ ಇದು ಹೇಗೆ ತಿಳಿಯಿತೋ! "ಬಘ್ ನಾ, ಮಾಝ್ಯಾ ಸುನೇಚಾ ಚೆಹರಾ, ಲೋಣೀ!" ಎಂದು ಬೆಣ್ಣೆಯಾದ ತನ್ನ ಸೊಸೆಯ ಮುಖವನ್ನು ಗ್ಯಾಲರಿಗೆ ಎಳೆತಂದು ತೋರಿಸಿ, ಅಂಧೇರಿಯ ಒಂದು ಕ್ಲಿನಿಕ್ಕಿನ ವಿಳಾಸ ಕೊಟ್ಟಳು. ಹೋದೆ. ಬಾಗಿಲಿಗೆ ಗಾಜು, ಒಳಗೆ ಅತ್ತರಿನ ವಾಸನೆ, ಗೋಡೆಯ ತುಂಬ 'ಮೊದಲು' ಮತ್ತು 'ನಂತರ' ಎಂಬ ಜೋಡಿ ಚಿತ್ರಗಳು. ಡಾಕ್ಟರ್ ನವೀನ ಎಂಬಾತ ನನ್ನ ಮುಖವನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಕುರ್ಚಿಯಲ್ಲಿ ಒರಗಿಕೊಂಡೇ, "ಲಂಚ್ ಟೈಮ್ ಪ್ರೊಸೀಜರ್ ಹೈ ಮೇಡಂ. ಬಾರಾ ಬಜೇ ಆವೋ, ದೋ ಬಜೇ ಆಫೀಸ್. ಸಾಥ್ ಮೇಂ ನೋಸ್ ಭೀ ಕರ್ ಲೋ, ಡಿಸ್ಕೌಂಟ್ ಹೈ," ಎಂದ. ಹನ್ನೆರಡಕ್ಕೆ ಬಂದರೆ ಎರಡಕ್ಕೆ ಆಫೀಸಿಗೆ ಹೋಗಬಹುದಂತೆ, ಜೊತೆಗೆ ಮೂಗಿಗೂ ರಿಯಾಯಿತಿಯಂತೆ!

ನಾನು ಕೇಳಿದೆ: "ಪ್ಲಾಸ್ಟಿಕ್ ಸರ್ಜರಿಯಲ್ಲಿ ನಿಮ್ಮ ಎಂ.ಸಿಎಚ್. ಪದವಿ ಎಲ್ಲಿಯದು?"

"ಮೇಡಂ, ಪೇಶಂಟ್ ಲೋಗ್ ರಿಸಲ್ಟ್ ದೇಖತೇ ಹೈಂ, ಡಿಗ್ರಿ ನಹೀಂ."

ರಿಸಲ್ಟನ್ನೇ ನೋಡೋಣವೆಂದು ಗೋಡೆಯತ್ತ ತಿರುಗಿದೆ. ಒಬ್ಬ ಹೆಂಗಸಿನ ಮಚ್ಚೆ 'ಮೊದಲು' ಚಿತ್ರದಲ್ಲಿ ಎಡಗೆನ್ನೆಯ ಮೇಲಿತ್ತು, 'ನಂತರ' ಚಿತ್ರದಲ್ಲಿ ಬಲಗೆನ್ನೆಯ ಮೇಲೆ! ಒಂದೇ ಚಿತ್ರವನ್ನು ಮಗುಚಿ, ಬೆಳಕು ಹೆಚ್ಚಿಸಿ ತೂಗುಹಾಕಿದ್ದರು. ಬಂಗಾರದ ಚೌಕಟ್ಟಿನೊಳಗಿದ್ದ ಪ್ರಮಾಣಪತ್ರವನ್ನು ಹತ್ತಿರ ಹೋಗಿ ಓದಿದೆ; ಯಾವುದೋ ಹೋಟೆಲಿನಲ್ಲಿ ವಾರಾಂತ್ಯ ನಡೆದ ಶಿಬಿರಕ್ಕೆ ಆತ ಹಾಜರಿದ್ದನೆಂಬುದಕ್ಕೆ ಕೊಟ್ಟದ್ದು. ಮನೆಗೆ ಬಂದು ರಾಜ್ಯದ ವೈದ್ಯ ಪರಿಷತ್ತಿನ ನೋಂದಣಿಯಲ್ಲಿ ಹುಡುಕಿದರೆ ಆತನ ಹೆಸರೇ ಇಲ್ಲ. ಇಂಥವನ ಕೈಯಲ್ಲಿ ಜನ ತಮ್ಮ ಮುಖವನ್ನು ಇಡುತ್ತಾರಲ್ಲ, ಅವ್ವಾ! ಇಂದ್ರಾಬಾಯಿಯ ಸೊಸೆಗೆ ಏನೂ ಆಗದೆ ಉಳಿದದ್ದು ಅವಳ ಪುಣ್ಯ.

ಅಂದಿನಿಂದ ನಾನು ಈ ವಿಷಯವನ್ನು ಪರೀಕ್ಷೆಯ ವಿಷಯದಂತೆಯೇ ಅಭ್ಯಾಸ ಮಾಡಿದೆ. ಕಾಸ್ಮೆಟಿಕ್ ಸರ್ಜನ್ ಎಂಬ ಫಲಕವನ್ನು ಯಾರು ಬೇಕಾದರೂ ತೂಗುಹಾಕಿಕೊಂಡಾರು. ಎಂ.ಬಿ.ಬಿ.ಎಸ್. ಮುಗಿಸಿ, ಶಸ್ತ್ರವೈದ್ಯದಲ್ಲಿ ಎಂ.ಎಸ್. ಮಾಡಿ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್ ಸರ್ಜರಿಯನ್ನೇ ವರ್ಷಗಟ್ಟಲೆ ಕಲಿತವರು ಬೇರೆ. ಹಾಗೆ ಕಲಿತು, ಪರಿಷತ್ತಿನಲ್ಲಿ ಆ ಪದವಿಯನ್ನು ನೋಂದಾಯಿಸಿಕೊಂಡವರನ್ನು ಮಾತ್ರ ಆರಿಸಿಕೊಂಡು ಒಬ್ಬೊಬ್ಬರ ಆಸ್ಪತ್ರೆಗೂ ಫೋನು ಮಾಡಿದೆ. ಅರಿವಳಿಕೆ ಕೊಡುವವರು ಯಾರು, ಏನಾದರೂ ಹೆಚ್ಚುಕಡಿಮೆಯಾದರೆ ಅಲ್ಲಿಯೇ ಐಸಿಯು ಇದೆಯೇ, ಇಂಥ ಗೆರೆಗಳನ್ನು ಡಾಕ್ಟರು ತಾವೇ ತಿದ್ದಿದ್ದಾರೆಯೇ, ಸರಿಹೋಗದೆ ಉಳಿದ ಗೆರೆಗಳ ಚಿತ್ರವನ್ನೂ ತೋರಿಸುವರೇ ಎಂದೆಲ್ಲ ಕೇಳಿದೆ. ಪರೇಲಿನ ಒಂದು ಆಸ್ಪತ್ರೆಯ ರಿಸೆಪ್ಶನಿಸ್ಟ್, "ಮೇಡಂ, ಆಪ್ ಪೇಶಂಟ್ ಹೈಂ ಕಿ ಇನ್‌ಸ್ಪೆಕ್ಷನ್?" ಎಂದಳು. ಆದರೂ ಡಾಕ್ಟರನ್ನು ಕೇಳಿ ಬಂದು, ಎಲ್ಲಕ್ಕೂ ಉತ್ತರ ಕೊಟ್ಟಳು. ಚಿತ್ರಗಳನ್ನೂ ತೋರಿಸುತ್ತಾರಂತೆ. ಆ ಡಾಕ್ಟರ ಹೆಸರು ಸುಭಾಷ ಪೆಡಣೇಕರ್. ಮುಂದಿನ ವಾರ ಅವರನ್ನು ಕಾಣಲಿದ್ದೇನೆ.

ಮನೆಯಲ್ಲಿ ಮಾತ್ರ ಯಾರಿಗೂ ಇದು ರುಚಿಸಿಲ್ಲ. ಅಪ್ಪ, "ನಿಮ್ಮವ್ವ ಬರ್ಲಿ ತಡೀ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರನಡೆದರು. ಅಜ್ಜಿಯದಂತೂ ರಂಪವೇ.

"ಇದ್ದ ಮುಖ ಸಾಲ್ದೇನ ನಿನಗ? ಅದಕ್ಕ ಮತ್ತ ಚಾಕು ಹಚ್ಚಸ್ಕೋತೀ?"

"ಅಜ್ಜಿ, ಎಲ್ಲಾ ಓದಿ ತಿಳಕೊಂಡೇ ಹೊಂಟೀನಿ."

"ಹೌದವಾ, ಓದಿದಾಕಿ ನೀ. ನಾವೇನು ಅಡ್ಡಗೋಡಿ. ನಿಮ್ಮವ್ವನ್ನ ಕೇಳಿದೇನು?"

ಅದಕ್ಕೇ ಈ ಪತ್ರ. ನಾನು ನಿನ್ನ ಅಪ್ಪಣೆ ಬೇಡುತ್ತಿಲ್ಲ, ತಿಳಿಸುತ್ತಿದ್ದೇನೆ. ಅದರೊಂದಿಗೆ, ಇಷ್ಟು ದಿನ ಬಾಯಲ್ಲಿ ಹೇಳದ ಮಾತೊಂದನ್ನು ಬರೆಯಬೇಕು. ಸಿಂದಗಿಯ ಅಡುಗೆಮನೆಯಲ್ಲಿ ನೀನು ಈಳಿಗೆಯನ್ನು ಎತ್ತಿಡದೆ ಎದ್ದುಹೋದದ್ದು, ಮಲಗಿಸಿದ್ದ ನಾನು ಉರುಳಿಹೋಗಿ ಅದರ ಅಲಗಿನ ಮೇಲೆ ಬಿದ್ದದ್ದು, ಇವನ್ನು ಅಜ್ಜಿಯ ಬಾಯಲ್ಲಿ ಕೇಳುತ್ತಲೇ ಬೆಳೆದೆ. ನೀನು ಒಮ್ಮೆಯೂ ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದೆ. ನೆಂಟರು ನನ್ನ ಮುಖ ನೋಡಿ ನಿನ್ನತ್ತ ನೋಡುವುದನ್ನು ಕಂಡಿದ್ದೇನೆ. ಅವ್ವಾ, ಅಜಾಗರೂಕತೆಗೂ ಅಪರಾಧಕ್ಕೂ ಇರುವ ಅಂತರವನ್ನು ನಾನು ಓದಿದವಳು. ಆ ಒಂದು ಗಳಿಗೆಗಾಗಿ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಮನಸಾರೆ ಕ್ಷಮಿಸಿದ್ದೇನೆ. ಗೆರೆ ಹೋದ ಮೇಲೆ ನೀನೂ ಅದನ್ನು ಮರೆತುಬಿಡು.

ಸೌಮ್ಯಾಳ ಕೂಸಿಗೆ ನನ್ನ ಮುತ್ತುಗಳು. ಮಾವನಿಗೆ ನಮಸ್ಕಾರ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ವಂದನಾ

ತಾ.ಕ.: ದೇವರ ಜಗಲಿಯ ಮೇಲಿದ್ದ, ಕೊಕ್ಕಿನಂಥ ಮೂತಿಯ ಬೆಳ್ಳಿಯ ಒಳಲೆ ಕಾಣುತ್ತಿಲ್ಲ. ತೀರ್ಥಕ್ಕೆ ಈಗ ಚಮಚೆಯನ್ನೇ ಬಳಸುತ್ತಿದ್ದೇವೆ. ಕೂಸಿಗೆ ಹಾಲು ಹಾಕಲು ನೀನೇ ಒಯ್ದೆಯೆಂದು ಅಜ್ಜಿ ಹೇಳಿದಳು. ಬರುವಾಗ ಮರೆಯದೆ ತಾ.


ಪರೇಲ್, ಮುಂಬಯಿ
೧೯ ಆಗಸ್ಟ್ ೨೦೨೫

ಅವ್ವಾ,

ನಮಸ್ಕಾರ. ಕ್ಷೇಮಸಮಾಚಾರವನ್ನು ಈಗಲೇ ಬರೆದರೆ ಸುಳ್ಳು ಬರೆದಂತಾಗುತ್ತದೆ. ಅದನ್ನು ಕೊನೆಗೆ ಇಡುತ್ತೇನೆ. ಡಾಕ್ಟರನ್ನು ಕಂಡು ಬಂದು ಕೆಲವು ದಿನಗಳಾದವು. ಪ್ರತಿದಿನ ಹಾಳೆ ತೆಗೆಯುವುದು, 'ಅವ್ವಾ' ಎಂದು ಬರೆಯುವುದು, ಮುಂದೆ ಹೋಗಲಾರದೆ ಮಡಚಿಡುವುದು, ಇದೇ ಆಯಿತು. ಇಂದು ಅಕ್ಷರ ಅಂಕುಡೊಂಕಾದರೂ ಸರಿ, ಮುಗಿಸಿಯೇ ಏಳುತ್ತೇನೆ.

ಡಾಕ್ಟರ್ ಪೆಡಣೇಕರ್ ವಯಸ್ಸಾದವರು, ಸಾವಧಾನದ ಮನುಷ್ಯ. ಗೋಡೆಯ ಮೇಲೆ ಒಂದೇ ಒಂದು ಕ್ಯಾಲೆಂಡರು. ನಾನು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಿಸಿದರು. ಗೆರೆಯನ್ನು ತಿಳಿಯಾಗಿಸಬಹುದು, ಅಳಿಸಲಾಗದು, ಅಳಿಸುತ್ತೇನೆಂದು ಹೇಳುವವನ ಬಳಿ ಹೋಗಬೇಡಿ ಎಂದರು. ನನಗೆ ಹೆಮ್ಮೆಯಾಯಿತು, ಅವ್ವಾ. ಸರಿಯಾದವರನ್ನು ಆರಿಸಿದೆನೆಂಬ ಹೆಮ್ಮೆ.

ಆಮೇಲೆ ದೀಪ ಹಚ್ಚಿ ನನ್ನ ಮುಖವನ್ನು ನೋಡತೊಡಗಿದರು. ನಗಲು ಹೇಳಿದರು, ಸಿಳ್ಳೆ ಹಾಕಲು ಹೇಳಿದರು, ಕೆನ್ನೆ ಉಬ್ಬಿಸಲು ಹೇಳಿದರು. ತುಟಿಯನ್ನು ಎತ್ತಿ ವಸಡನ್ನು ನೋಡಿದರು. ಮೂಗಿನ ಹೊಳ್ಳೆಗಳನ್ನು ಕೆಳಗಿನಿಂದ ಬಹಳ ಹೊತ್ತು ನೋಡಿದರು.

"ಈ ಗೆರೆ ಹೇಗಾಯಿತು?" ಎಂದು ಮರಾಠಿಯಲ್ಲಿ ಕೇಳಿದರು.

ಹೇಳಿದೆ: ನಾಲ್ಕೈದು ತಿಂಗಳ ಕೂಸು, ಈಳಿಗೆ, ತಾಯಿಯ ಅಜಾಗರೂಕತೆ. ನ್ಯಾಯಾಲಯದಲ್ಲಿ ಹೇಳಿಕೆ ಕೊಡುವವಳಂತೆ, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಕೋಣೀ ಸಾಂಗಿತಲಂ?" ಎಂದರು. ಯಾರು ಹೇಳಿದ್ದು?

"ಮನೆಯವರು."

ಅವರು ನನ್ನ ಕೈಗೆ ಕನ್ನಡಿ ಕೊಟ್ಟು, ಪೆನ್ನಿನ ತುದಿಯಿಂದ ತೋರಿಸುತ್ತ ಹೋದರು. ಹರಿದ ಗಾಯ ತನಗೆ ಬೇಕಾದ ಕಡೆ ಹೋಗುತ್ತದೆ. ಇದು ಅಳೆದು ಹಾಕಿದ ಗೆರೆ. ನಡುವೆ ಸಣ್ಣದೊಂದು ತಿರುವಿದೆ, ನೋಡಿ. ತುಟಿಗೆ ಉದ್ದ ಸಾಲದಿದ್ದಾಗ ಪಕ್ಕದ ಚರ್ಮವನ್ನು ತಿರುಗಿಸಿ ತಂದು ಕೂಡಿಸುವ ಕ್ರಮವದು. ಈ ಹೊಳ್ಳೆ ಆ ಹೊಳ್ಳೆಗಿಂತ ತುಸು ಚಪ್ಪಟೆ. ಕೆಳಗೆ ವಸಡಿನಲ್ಲೊಂದು ಕಚ್ಚು. ಈಳಿಗೆ ಮೂಗಿನ ಹೊಳ್ಳೆಯನ್ನೂ ವಸಡನ್ನೂ ಹುಟ್ಟುವ ಮೊದಲೇ ಹೀಗೆ ರೂಪಿಸಲಾರದು.

"ಬೇಟಾ," ಎಂದರು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದರು. "ನೀವು ಬಿದ್ದವರಲ್ಲ. ಸೀಳುತುಟಿಯೊಂದಿಗೆ ಹುಟ್ಟಿದವರು. ಯಾರೋ ಒಳ್ಳೆಯ ಕೈಯವರು ಅದನ್ನು ಹೊಲಿದಿದ್ದಾರೆ."

"ಇಲ್ಲ," ಎಂದೆ. "ಸಾಧ್ಯವಿಲ್ಲ."

ಅವರು ವಾದಿಸಲಿಲ್ಲ. ಒಂದು ಲೋಟ ನೀರು ತರಿಸಿದರು. ನೀರು ಕುಡಿಯುವಾಗ ತುಟಿ ನನ್ನದಲ್ಲವೆನ್ನಿಸಿತು. ಪ್ರತಿದಿನ ಕನ್ನಡಿಯಲ್ಲಿ ಕಂಡದ್ದು, ಪ್ರತಿದಿನ ನಾಲಗೆಗೆ ತಗುಲಿದ ಆ ವಸಡಿನ ಕಚ್ಚು, ಎಲ್ಲ ಸಾಕ್ಷಿಯೂ ನನ್ನ ಮುಖದ ಮೇಲೆಯೇ ಇತ್ತು. ಬೇರೆಯವರ ಹೇಳಿಕೆಗಳಲ್ಲಿ ಕೂದಲು ಸೀಳುವವಳು ನಾನು. ಮನೆಯಲ್ಲಿ ಕೇಳಿದ್ದನ್ನು ಒಮ್ಮೆಯೂ ಪಾಟೀಸವಾಲಿಗೆ ಒಳಪಡಿಸಲಿಲ್ಲ.

"ಇದು ಏಕಾಗುತ್ತದೆ?" ಎಂದು ಕೊನೆಗೆ ಕೇಳಿದೆ.

ಯಾರ ತಪ್ಪಿನಿಂದಲೂ ಅಲ್ಲ ಎಂದರು. ತಾನು ಬಸುರಿಯೆಂದು ತಾಯಿಗೆ ಖಾತ್ರಿಯಾಗುವ ಹೊತ್ತಿಗೇ, ಎರಡನೆಯ ತಿಂಗಳು ಮುಗಿಯುವುದರೊಳಗೆ, ಕೂಸಿನ ತುಟಿಯ ಎರಡು ಭಾಗಗಳು ಕೂಡಿ ಮುಗಿದಿರುತ್ತವೆ. ಕೆಲವೊಮ್ಮೆ ಕೂಡುವುದಿಲ್ಲ, ಅಷ್ಟೇ. ಆಮೇಲೆ ಅವರು ಹೇಳಿದ ಮಾತು ಇದು, ಅವ್ವಾ: "ವಸಡಿಗೂ ಸೀಳಿರುವ ಕೂಸಿಗೆ ಮೊಲೆಯನ್ನು ಬಿಗಿಯಾಗಿ ಹಿಡಿದು ಚೀಪುವುದು ಬಹಳ ಕಷ್ಟ. ಆಪರೇಶನ್ ಆಗುವವರೆಗೆ ನಿಮಗೆ ಯಾರೋ ಹನಿಹನಿಯಾಗಿ ಹಾಲು ಹಾಕಿ ಬದುಕಿಸಿದ್ದಾರೆ. ಒಂದೊಂದು ಸಲಕ್ಕೂ ಗಂಟೆಗಟ್ಟಲೆ ಹಿಡಿದಿರಬೇಕು. ಹೋಗಿ ಅವರನ್ನು ಕೇಳಿ. ಕಥೆ ತಪ್ಪಿರುವ ಗೆರೆಯ ಮೇಲೆ ನಾನು ಕತ್ತಿ ಇಡುವುದಿಲ್ಲ. ಅವಸರವೇನಿದೆ?"

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದಾಗ ಜಗಲಿಯ ಮೇಲಿನ ಒಳಲೆ ನೆನಪಿಗೆ ಬಂತು. ದೇವರಿಗೆ ಒಳಲೆ ಏಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ. ವಾಚ್‌ಮನ್ ಬಂದು, "ಮೇಡಂ, ಚಕ್ಕರ್ ಆಯಾ ಕ್ಯಾ?" ಎಂದು ಕೇಳಿದ.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದಳು. ಎದುರಿಗೆ ಕುಳಿತೆ. ದನಿ ಏರಿಸಲಿಲ್ಲ.

"ಅಜ್ಜಿ, ನಾ ಈಳಗಿ ಮ್ಯಾಲ ಬಿದ್ದದ್ದು ಎಲ್ಲಿ?"

"ಸಿಂದಗ್ಯಾಗ. ಎಷ್ಟ ಸಲ ಹೇಳೂದು?"

"ಆಗ ನನಗ ಎಷ್ಟ ತಿಂಗಳು?"

"ನಾಕೋ ಐದೋ."

"ನಾಕ ತಿಂಗಳ ಕೂಸು ಈಳಗಿ ತನಕ ನಡಕೊಂತ ಹೋತೇನು?"

"ಉಳ್ಳಾಡಕೊಂತ ಹೋತು. ಏನ ಹುಡುಗೀನೋ!"

"ಬಿದ್ದದ್ದು ಸಿಂದಗ್ಯಾಗ. ಹಂಗಾದ್ರ ಮುಂಬೈ ಮನ್ಯಾಗಿನ ಈಳಗಿ ಯಾಕ ಒಗದಿ? ಅದೇನ ತಪ್ಪ ಮಾಡಿತ್ತು?"

ಸೊಪ್ಪಿನ ಮೇಲಿದ್ದ ಅವಳ ಕೈ ನಿಂತಿತು. ನಮ್ಮ ಮನೆಯಲ್ಲಿ ಈಳಿಗೆ ಇಲ್ಲ, ಇದ್ದುದನ್ನು ಅಜ್ಜಿ ಎಂದೋ ಎಸೆದಳೆಂದು ಕೇಳಿದ್ದೆ; ನೀನು ಮಣೆಯ ಮೇಲೆ ಚಾಕುವಿನಿಂದಲೇ ಹೆಚ್ಚುತ್ತೀ. ಅದು ನನ್ನ ಕಾರಣಕ್ಕೆ ಎಂದೇ ನಾನು ತಿಳಿದಿದ್ದೆ. ಎರಡು ಊರಿನ ಎರಡು ಈಳಿಗೆ ಎಂಬುದು ಹೊಳೆದದ್ದು ಆ ಹೊತ್ತಿಗೇ.

"ಏನವಾ, ನನಗ ಕೋರ್ಟ ಹಚ್ಚೀಯೇನು?" ಎಂದಳು. ದನಿಯಲ್ಲಿ ಜೋರಿರಲಿಲ್ಲ.

"ಡಾಕ್ಟರ್ ಹೇಳಿದ್ರು ಅಜ್ಜಿ. ನಾ ಬಿದ್ದಿಲ್ಲಂತ. ಹುಟ್ಟಿದ್ದ ಹಿಂಗಂತ."

ಅಜ್ಜಿ ಸೆರಗನ್ನು ಬಾಯಿಗೆ ಹಚ್ಚಿಕೊಂಡಳು. ಆಮೇಲೆ ಎದ್ದು, ಚಾಳಿನಲ್ಲಿ ಹಗಲು ಹೊತ್ತು ಯಾರೂ ಮಾಡದ ಕೆಲಸ ಮಾಡಿದಳು: ಬಾಗಿಲು ಹಾಕಿ ಚಿಲಕ ಇಟ್ಟಳು.

ನೀನು ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂದಿತ್ತಂತೆ. ನಿನ್ನನ್ನು ಒಳಗೆ ಕೂಡಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಹೆಚ್ಚಬಾರದು, ಹೊಲಿಯಬಾರದು, ನೀರೂ ಕುಡಿಯಬಾರದೆಂದು ಅಜ್ಜಿ ಕಾವಲಿದ್ದಳಂತೆ. ಮುಂದಿನದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ.

"ಶ್ರಾವಣದ ಮಾಡ ಮುಚ್ಚಿತ್ತು. ಸೂರ್ಯಾ ಎಲ್ಲಿ ಕಾಣಬೇಕು? ನಾ ಊರಿಂದ ತಂದ ಪಂಚಾಂಗ ಹಿಡಕೊಂಡು ಕುಂತಿದ್ದೆ. ಇಲ್ಲಿಯವರದು ಮರಾಠಿ ಪಂಚಾಂಗ, ನನಗ ಅದರ ಮ್ಯಾಲ ನಂಬಿಗಿ ಇಲ್ಲ. ನಮ್ಮ ಪಂಚಾಂಗದಾಗ ಅಷ್ಟೊತ್ತಿಗೆ ಬಿಡ್ತೈತಿ ಅಂತ ಬರದಿತ್ತು. ನಿಮ್ಮಜ್ಜ ಮಿಲ್ಲಿನಿಂದ ಹಸದು ಬರ್ತಾನ ಅಂತ ನಾನ ಅಂದೆ, ಬಿಟ್ಟೈತಿ ಏಳ ನಾಗರತ್ನಾ, ಪಲ್ಲೆ ಹೆಚ್ಚು ಅಂತ. ಅಕಿ ಅಂದ್ಲು, ಅತ್ತಿ, ಇನ್ನೊಂದೀಟ ತಡೀಲೇನ್ರಿ ಅಂತ. ನಾನ ಈಳಗಿ ಇಟ್ಟುಕೊಟ್ಟೆ. ಅಕಿ ಹೆಚ್ಚಾಕ ಹತ್ಯಾಳ, ಕೆಳಗ ಅಂಗಳದಾಗ ಕೂಗು ಬಂತು ನೋಡವಾ, ದೇ ದಾನ ಸುಟೇ ಗಿರಾಣ, ದೇ ದಾನ ಸುಟೇ ಗಿರಾಣ!"

ಗ್ರಹಣ ಬಿಡುವಾಗ ದಾನ ಕೇಳುತ್ತ ಬೀದಿಬೀದಿಯಲ್ಲಿ ಕೂಗುತ್ತಾರಲ್ಲ, ಆ ಕೂಗು. ಊರಿನ ಪಂಚಾಂಗದಲ್ಲಿ ಬಿಟ್ಟ ಗ್ರಹಣ ಮುಂಬಯಿಯಲ್ಲಿ ಇನ್ನೂ ಬಿಟ್ಟಿರಲಿಲ್ಲ. ಗ್ರಹಣದಲ್ಲಿ ಬಸುರಿ ಹೆಚ್ಚಿದರೆ ಕೂಸಿನ ತುಟಿ ಸೀಳುತ್ತದೆಂದು ನಂಬಿದ ಅಜ್ಜಿ ಅಂದಿನಿಂದ ಎದೆ ಬಿಗಿಹಿಡಿದುಕೊಂಡೇ ಇದ್ದಳಂತೆ.

"ಸಿಂದಗಿಯಿಂದ ನಿನ್ನ ಹಡದ ಸುದ್ದಿ ಬಂತು, ಮುಖದ ಸುದ್ದಿ ಬರಲಿಲ್ಲ. ಆಪರೇಶನ್ ಮಾಡಸಾಕಂತ ಸೊಲ್ಲಾಪುರದ ಗಾಡೀಲೆ ನಿಮ್ಮವ್ವ ನಿನ್ನ ಕರಕೊಂಡು ಬಂದ್ಲು. ದಾದರ್ ಸ್ಟೇಷನ್ನಾಗ ಶಾಲು ಸರಿಸಿ ನೋಡಿದೆ. ಅಲ್ಲೇ ಫಲಾಟಿನ ಮ್ಯಾಲ ಕುಂತಬಿಟ್ಟೆ. ಈಳಗಿ ಕೊಟ್ಟಾಕಿ ನಾನು, ನನ್ನ ಕೈ ಸುಡಲಿ ಅಂತ ಹಣಿ ಹಣಿ ಬಡಕೊಂಡೆ. ನಿಮ್ಮವ್ವ ನನ್ನ ಕೈ ಹಿಡದ್ಲು. ಏನಂದ್ಲು ಗೊತ್ತೇನು? 'ಅತ್ತಿ, ಗಿರಾಣದ ಮಾತು ಯಾರ ಮುಂದೂ ತಗೀಬ್ಯಾಡ್ರಿ. ಮನ್ಯಾಗ ಮಾವಗ ಗೊತ್ತಾದ್ರ ನಿಮ್ಮನ್ನ ಬಾಳಗೊಡೂದಿಲ್ಲ. ಹೊಲಿಸಿಕೊಂಡು ಮನಿಗೆ ಹೋಗೂಣು. ಕೂಸು ನನ್ನ ತಪ್ಪಲೆ ಈಳಗಿ ಮ್ಯಾಲ ಬಿತ್ತು ಅಂತ ಹೇಳೂಣು. ಹುಟ್ಟಿದ್ದ ಹಿಂಗ ಅಂದ್ರ ನಾಳೆ ಲಗ್ನದಾಗ ಇಕಿ ರಕ್ತ ನೋಡ್ತಾರ. ಬಿದ್ದದ್ದು ಅಂದ್ರ ನನ್ನನ್ನಷ್ಟ ಬೈತಾರ.' ಹಂಗಂದ್ಲು ತಂಗೀ. ಇಪ್ಪತ್ತರ ಹುಡುಗಿ."

ಅವ್ವಾ, ಆಮೇಲೆ ನಾನು ಕೇಳಿದ ಪ್ರಶ್ನೆ ಒಂದೇ. ಆ ಗ್ರಹಣದ ಹೊತ್ತಿಗೆ ನಿನಗೆ ಎಷ್ಟು ತಿಂಗಳಾಗಿತ್ತು?

"ಕುಬಸಕ್ಕ ಹಸರ ಸೀರಿ ತಂದಿಟ್ಟಿದ್ವಿ. ಏಳು."

ಸೀಮಂತದ ತಿಂಗಳು, ಏಳು! ಎರಡನೆಯ ತಿಂಗಳಲ್ಲಿ ಮುಗಿದುಹೋದದ್ದಕ್ಕೆ ಏಳನೆಯ ತಿಂಗಳ ಈಳಿಗೆಯನ್ನು ಹೊಣೆ ಮಾಡಿ ಈ ಮುದುಕಿ ಇಷ್ಟು ವರ್ಷ ಬೆಂದಿದ್ದಾಳೆ. ಅವಳನ್ನು ಉಳಿಸಲು, ನನ್ನನ್ನು ಉಳಿಸಲು ನೀನು ಆ ಹೊಣೆಯನ್ನು ಎತ್ತಿಕೊಂಡು ತಲೆಯ ಮೇಲಿಟ್ಟುಕೊಂಡೆ. ಡಾಕ್ಟರು ಹೇಳಿದ್ದನ್ನೆಲ್ಲ ಅಜ್ಜಿಗೆ ಬಿಡಿಸಿ ಹೇಳಿದೆ. ಅಜ್ಜಿ, ನಿನ್ನದೂ ತಪ್ಪಿಲ್ಲ, ಅವ್ವನದೂ ತಪ್ಪಿಲ್ಲ, ಗ್ರಹಣದ್ದೂ ತಪ್ಪಿಲ್ಲ ಎಂದೆ. ಅಜ್ಜಿ ಕೇಳಿದಳು, ತಲೆಯಾಡಿಸಿದಳು, ಕಣ್ಣೊರೆಸಿಕೊಂಡಳು.

"ನಿನ್ನ ಡಾಕ್ಟರ್ ಶಾಣ್ಯಾ ಇರಬೇಕು. ಆದರ ಅವತ್ತಿನ ಆ ಕೂಗು ಅಂವ ಕೇಳ್ಯಾನೇನು?"

ಸೋಸಿದ ಸೊಪ್ಪನ್ನು ನಾನು ಬುಟ್ಟಿಗೆ ತುಂಬತೊಡಗಿದೆ.

"ಮತ್ತ ಎಲ್ಲಾರ ಮುಂದ ನೀನ ಯಾಕ ಆಡಿ ತೋರಿಸ್ತಿದ್ದಿ? ಅವ್ವ ಬೀಳಿಸಿದ್ಲು, ಅವ್ವ ಬೀಳಿಸಿದ್ಲು ಅಂತ?" ಎಂದು ಕೇಳಿದೆ. ಅವಳು ಮೆಂತ್ಯದ ಕಡ್ಡಿಗಳನ್ನು ಒಟ್ಟುಗೂಡಿಸುತ್ತ ಕುಳಿತಳು. "ಆಡಿದಷ್ಟ ಹೊತ್ತು ಅದ ಖರೇ ಅನಸ್ತಿತ್ತವಾ," ಎಂದಳು.

ಸಂಜೆ ಅಪ್ಪ ಗ್ರಾಂಟ್ ರೋಡಿನ ಅಂಗಡಿಯಿಂದ ಬಂದಾಗ ಬಾಗಿಲಲ್ಲಿಯೇ ಕೇಳಿದೆ. ಅವರು ಛತ್ರಿಯನ್ನು ಗೂಟಕ್ಕೆ ಹಾಕಿ, ನನ್ನ ಮುಖ ನೋಡದೆ, "ನಿಮ್ಮವ್ವ ಆಣಿ ಹಾಕಿಸಿದ್ಲು," ಎಂದರು. ಅಷ್ಟೇ. ಅಪ್ಪ, ಅಜ್ಜಿ, ಸಿಂದಗಿಯ ಮಾವ, ಎಲ್ಲರಿಗೂ ಗೊತ್ತಿತ್ತು. ತರಗತಿಯಲ್ಲಿ ಎಲ್ಲಕ್ಕೂ ಮೊದಲು ಕೈಯೆತ್ತುತ್ತಿದ್ದ ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

ಶಸ್ತ್ರಕ್ರಿಯೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಗೆರೆಯನ್ನು ತಿದ್ದಿಸುವೆನೋ ಇಲ್ಲವೋ ನನಗೆ ತಿಳಿಯದು. ತಿದ್ದಿಸುವುದಾದರೆ ಡಾಕ್ಟರ್ ಪೆಡಣೇಕರರ ಕೈಯಲ್ಲಿಯೇ, ಅದೂ ನೀನು ಜೊತೆಗೆ ಬಂದು ಅವರ ಎದುರು ಕುಳಿತು ನನ್ನ ನಿಜವಾದ ಕಥೆಯನ್ನು ಹೇಳಿದ ಮೇಲೆ. ಕಾಲೇಜಿಗೆ ಕೊಡಬೇಕಾದ ಭಾವಚಿತ್ರಕ್ಕೆ ಇನ್ನೂ ಕೆಲವು ದಿನ ಕಾಲಾವಕಾಶ ಕೇಳಿದ್ದೇನೆ. ದೇವಾನಂದ ಕೊಟ್ಟ ಎರಡೂ ಪ್ರತಿಗಳು ನನ್ನ ಪುಸ್ತಕದ ನಡುವೆ ಇವೆ. ಯಾವುದನ್ನು ಕೊಡಲಿ ಎಂದು ನಿನ್ನನ್ನೇ ಕೇಳಬೇಕೆನ್ನಿಸಿದೆ.

ಈಗ ಕ್ಷೇಮಸಮಾಚಾರ. ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ. ಅಜ್ಜಿ ಇಷ್ಟು ದಿನ ಸರಿಯಾಗಿ ಉಣ್ಣಲಿಲ್ಲ, ಇಂದು ಉಂಡಳು. ನಾನಿದ್ದೇನೆ. ಸೌಮ್ಯಾಳ ಕೂಸಿಗೆ ನೀನು ಆ ಒಳಲೆಯಲ್ಲಿ ಹಾಲು ಹಾಕುವಾಗ ನಿನ್ನ ಕೈ ಹೇಗೆ ಹಿಡಿದಿರುತ್ತದೆ ಎಂಬುದನ್ನು ಕಲ್ಪಿಸಿಕೊಳ್ಳುತ್ತ ಕುಳಿತಿರುತ್ತೇನೆ. ಬೇಗ ಬಾ. ಬಂದ ದಿನ ನನ್ನನ್ನು ಎದುರಿಗೆ ಕೂಡಿಸಿಕೊಂಡು ಆ ಒಳಲೆಯಿಂದ ಒಂದು ಗುಟುಕು ನನಗೂ ಹಾಕು. ಅಜ್ಜಿ ನಕ್ಕರೆ ನಗಲಿ.

ಹರಸು.

ನಿನ್ನ ಮಗಳು
ವಂದನಾ

ತಾ.ಕ.: ನನ್ನ ಹಿಂದಿನ ಪತ್ರ ತಲುಪಿದ ದಿನ ನೀನು ಫೋನು ಮಾಡಿದ್ದೆ. ನಾನಿನ್ನೂ ಡಾಕ್ಟರನ್ನು ಕಂಡಿರಲಿಲ್ಲ. "ಕಾಗದ ಬಂತವಾ, ಎರಡ ಸಲ ಓದಿದೆ. ಅಕ್ಷರ ಭಾಳ ಚಂದ ಆಗ್ಯಾವ," ಎಂದಿದ್ದೆ ನೀನು. ಅಂದು ಬೆಲ್ಲ ಕುಟ್ಟುವ ಸದ್ದಿರಲಿಲ್ಲ. ಸ್ಪೀಕರೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ. ಆಮೇಲೆ ನೀನು, "ನನ್ನ ಮ್ಯಾಲ ಸಿಟ್ಟಿಲ್ಲಂತ ಬರದೀಯಲ್ಲ, ಅಷ್ಟ ಸಾಕವಾ ನನಗ," ಎಂದೆ. ನಾನು ದೊಡ್ಡ ಮನಸ್ಸಿನವಳಂತೆ, "ಇರ್ಲಿ ಬಿಡವಾ," ಎಂದೆ. ಅವ್ವಾ, ಆಗಲಾದರೂ ನೀನು ಹೇಳಬಹುದಿತ್ತು. ಮಾಡದ ತಪ್ಪಿಗೆ ಮಗಳು ಕೊಟ್ಟ ಕ್ಷಮೆಯನ್ನು ನೀನು ಸೆರಗೊಡ್ಡಿ ತೆಗೆದುಕೊಂಡೆ.